ನಾಲ್ಕು ಊರು, ಒಂದು ಸೀಟು

ಕೋಲಾರ ಜಿಲ್ಲೆ ಎಂದೊಡನೆ ಹೊರಗಿನವರಿಗೆ ಚಿನ್ನದ ಗಣಿ ನೆನಪಾಗುತ್ತದೆ. ಆ ಗಣಿ 2001ರಲ್ಲೇ ಮುಚ್ಚಿತು. ಇಲ್ಲೇ ಹುಟ್ಟಿ ಬೆಳೆದ ನಮಗೆ ನೆನಪಾಗುವುದು ಮಾಲೂರಿನ ಹೆಂಚು, ಕೋಲಾರದ ಟೊಮೆಟೊ, ಶ್ರೀನಿವಾಸಪುರದ ಮಾವು ಮತ್ತು ಮುಳಬಾಗಿಲಿನ ದೋಸೆ. ಬೆಳಿಗ್ಗೆ ಬೇಗ ಹೊರಟರೆ ಈ ನಾಲ್ಕೂ ಊರನ್ನು ಒಂದೇ ದಿನದಲ್ಲಿ ಕಾರಿನಲ್ಲಿ ಸುತ್ತಿ ಬರಬಹುದು. ಮೇ ತಿಂಗಳ ಕೊನೆಯ ಒಂದು ಶನಿವಾರ ನಾನೂ ನನ್ನ ಮಗಳೂ ಹಾಗೆ ಸುತ್ತಿ ಬಂದೆವು. ಗುಡಿ, ಬೆಟ್ಟ ನೋಡುವ ಆಸೆ ಇದ್ದದ್ದು ನಿಜ. ಆದರೆ ಹೊರಟ ಕಾರಣ ಬೇರೆ. ಕಾರಿನಲ್ಲಿ ಸರಿಯಾಗಿ ಕೂರುವುದನ್ನು ನಾವಿಬ್ಬರೂ ಕಲಿಯಬೇಕಾಗಿತ್ತು.

ನಗಬೇಡಿ. ನನ್ನ ತೂಕ 108 ಕಿಲೋ. ಎತ್ತರ ಆರಡಿಗೆ ಒಂದೇ ಅಂಗುಲ ಕಡಿಮೆ. ಮಾಲೂರಿನಲ್ಲಿ ಮನೆ, ಪ್ರೌಢಶಾಲೆಯಲ್ಲಿ ವಿಜ್ಞಾನದ ಪಾಠ. ಮಗಳು ಪದವಿಯ ಎರಡನೇ ವರ್ಷದಲ್ಲಿದ್ದಾಳೆ. ಮೈಕಟ್ಟಿನಲ್ಲಿ ಅವಳು ನನ್ನದೇ ಅಚ್ಚು. ಕಾರು ಕಲಿಯಲು ಹೋದ ಮೊದಲ ದಿನವೇ ಕಲಿಸುವಾತ, 'ಏನಮ್ಮಾ, ನೀನು ಕೂತ್ರೆ ಗಾಡಿ ಒಂದು ಪಕ್ಕಕ್ಕೆ ವಾಲ್ತದಲ್ಲಾ' ಎಂದನಂತೆ. ಹಿಂದಿನ ಸೀಟಿನಲ್ಲಿದ್ದ ಹುಡುಗರೆಲ್ಲ ನಕ್ಕರಂತೆ. ಇವಳೂ ನಕ್ಕು, ಮನೆಗೆ ಬಂದು ಕೋಣೆಯ ಬಾಗಿಲು ಹಾಕಿಕೊಂಡಳು. ಅವಳಮ್ಮ ಮೂರು ದಿನ ಸಮಾಧಾನ ಹೇಳಿ ಮತ್ತೆ ಕಳಿಸಿದಳು. ಅಂತೂ ಲೈಸೆನ್ಸ್ ಬಂತು.

ಒಂದು ಸಂಜೆ ಅವಳು ಕಾರು ನಿಲ್ಲಿಸಿ ಇಳಿಯುವಾಗ ಗಮನಿಸಿದೆ. ಸೀಟ್ ಬೆಲ್ಟನ್ನು ಬೆನ್ನ ಹಿಂದೆ ಹಾಯಿಸಿ ಕೊಂಡಿಗೆ ಸಿಕ್ಕಿಸಿ, ಅದರ ಮೇಲೆ ಕೂತು ಓಡಿಸಿಕೊಂಡು ಬಂದಿದ್ದಳು. ಕಿಣಿಕಿಣಿ ಸದ್ದು ನಿಲ್ಲಲು ಅಷ್ಟು ಸಾಕಲ್ಲ!

'ಯಾಕಮ್ಮಾ ಹೀಗೆ?'

'ಹೊಟ್ಟೆ ಒತ್ತುತ್ತಪ್ಪಾ. ನೀನೂ ಹೀಗೇ ತಾನೆ ಮಾಡೋದು?'

ಇಪ್ಪತ್ತೈದು ವರ್ಷ ಮಕ್ಕಳಿಗೆ ನ್ಯೂಟನ್ನನ ಜಡತ್ವದ ನಿಯಮ ಹೇಳಿಕೊಟ್ಟ ಮೇಷ್ಟ್ರು ನಾನು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ.

ಶನಿವಾರ ಬೆಳಿಗ್ಗೆ ಆರಕ್ಕೆ ಹೊರಟೆವು. ಮಾಲೂರು ಜೇಡಿಮಣ್ಣಿನ ಊರು. ಮಂಗಳೂರಿನ ಹಾಗೆ ಇಲ್ಲೂ ಹೆಂಚಿನ ಕಾರ್ಖಾನೆಗಳು ಬೆಳೆದವು. ಇಟ್ಟಿಗೆ ಗೂಡುಗಳು ಇಂದಿಗೂ ದಾರಿಯುದ್ದಕ್ಕೂ ಕಾಣುತ್ತವೆ. 1983ರ ಜ್ಞಾನಪೀಠ ಪ್ರಶಸ್ತಿ ಪಡೆದ ಮಾಸ್ತಿಯವರು ಇದೇ ತಾಲ್ಲೂಕಿನವರು. ಕೋಲಾರಕ್ಕೆ ಹೋಗುವ ದಾರಿಯನ್ನು ಸ್ವಲ್ಪ ಬಳಸಿದರೆ ಶಿವಾರಪಟ್ಟಣ ಸಿಗುತ್ತದೆ. ಊರಿಗೆ ಊರೇ ಶಿಲ್ಪಿಗಳದು. ಬೆಳಗಿನ ಹೊತ್ತಿಗೇ ಬೀದಿಯಲ್ಲಿ ಉಳಿ ಸುತ್ತಿಗೆಯ ಸದ್ದು ಕೇಳಿಸುತ್ತದೆ. ಅಂಗಳದಲ್ಲಿ ಅರ್ಧ ಮುಗಿದ ದೇವರುಗಳು ಕಲ್ಲಿನ ಪುಡಿ ಮೆತ್ತಿಕೊಂಡು ಕಾಯುತ್ತಿರುತ್ತಾರೆ.

ಅಲ್ಲೊಬ್ಬ ಹಿರಿಯರು ಗಣಪನ ಹೊಟ್ಟೆಯನ್ನು ನಯ ಮಾಡುತ್ತಿದ್ದರು. ಅಳತೆಯ ಮಾತು ಬಂತು. ಶಿಲ್ಪಶಾಸ್ತ್ರದಲ್ಲಿ ಅಳತೆಯ ಮೂಲ 'ತಾಳ', ಅಂದರೆ ಒಂದು ಮುಖದ ಉದ್ದ. ಅದನ್ನು ಹನ್ನೆರಡು ಅಂಗುಲ ಮಾಡುತ್ತಾರೆ. ದೊಡ್ಡ ದೇವತೆಗಳ ಎತ್ತರ ಒಂಬತ್ತು ಅಥವಾ ಹತ್ತು ತಾಳ. ಗಣಪನಿಗೆ ಮಾತ್ರ ಐದೇ ತಾಳ ಎಂಬುದು ವಾಡಿಕೆ.

'ಯಾಕೆ ತಾತಾ, ಎಲ್ಲರಿಗೂ ಒಂದೇ ಅಳತೆ ಇಟ್ಟರೆ ಸುಲಭ ಅಲ್ವಾ?' ಎಂದು ಮಗಳು ಕೇಳಿದಳು.

'ದೇವರಿಗೆ ತಕ್ಕ ಅಳತೆ ಕಣವ್ವಾ. ರಾಮನ ಅಳತೇಲಿ ಗಣಪನ್ನ ಮಾಡಕ್ಕೋದ್ರೆ ಇಬ್ರೂ ಕೆಡ್ತಾರೆ' ಎಂದರು ಆ ಹಿರಿಯರು, ಕೈ ನಿಲ್ಲಿಸದೆ.

ಕೋಲಾರದ ದಾರಿಯಲ್ಲಿ ಅವಳಿಗೆ ನಾನೊಂದು ಹಳೆಯ ಸಂಗತಿ ಹೇಳಿದೆ. ಎರಡನೇ ಮಹಾಯುದ್ಧದ ನಂತರ ಅಮೆರಿಕದ ವಾಯುಪಡೆಯಲ್ಲಿ ವಿಮಾನ ಅಪಘಾತಗಳು ಹೆಚ್ಚಾದವು. ಪೈಲಟ್ಟಿನ ಕೋಣೆಯನ್ನು 'ಸರಾಸರಿ' ಮನುಷ್ಯನ ಅಳತೆಗೆ ಕಟ್ಟಲಾಗಿತ್ತು. 1950ರಲ್ಲಿ 4063 ಪೈಲಟ್ಟುಗಳ ಮೈ ಅಳೆದರು. ಗಿಲ್ಬರ್ಟ್ ಡೇನಿಯಲ್ಸ್ ಎಂಬ ತರುಣ ಅಧಿಕಾರಿ ಆ ಅಂಕಿಗಳಲ್ಲಿ ಮುಖ್ಯವಾದ ಹತ್ತು ಅಳತೆಗಳನ್ನು ಆರಿಸಿಕೊಂಡು, ಹತ್ತರಲ್ಲೂ ಸರಾಸರಿಯ ಆಸುಪಾಸಿನಲ್ಲಿ ಎಷ್ಟು ಜನ ಇದ್ದಾರೆ ಎಂದು ಲೆಕ್ಕ ಹಾಕಿದ. ಎಷ್ಟು ಜನ ಗೊತ್ತೆ? ಒಬ್ಬನೂ ಇಲ್ಲ! ಕೈ ಉದ್ದವಿದ್ದವನಿಗೆ ಕಾಲು ಗಿಡ್ಡ, ಎದೆ ಅಗಲವಿದ್ದವನಿಗೆ ಸೊಂಟ ಸಣ್ಣ. ಸರಾಸರಿ ಮನುಷ್ಯನಿಗಾಗಿ ಮಾಡಿದ ಸೀಟು ಯಾರಿಗೂ ಹೊಂದುತ್ತಿರಲಿಲ್ಲ. ಹಿಂದೆ ಮುಂದೆ ಸರಿಯುವ ಸೀಟು, ಎತ್ತರ ತಗ್ಗು ಮಾಡುವ ಪೆಡಲು ವಾಯುಪಡೆಯಲ್ಲಿ ಕಡ್ಡಾಯವಾದದ್ದು ಆಮೇಲೆ.

'ಅಂದ್ರೆ ತಪ್ಪು ನಂದಲ್ಲ' ಎಂದಳು ಮಗಳು. ಆ ಮಾತನ್ನು ಅವಳು ತನಗೇ ಹೇಳಿಕೊಂಡಂತಿತ್ತು.

ಕೋಲಾರದಲ್ಲಿ ಕೋಲಾರಮ್ಮನ ದರ್ಶನ ಮಾಡಿ, ಅಂತರಗಂಗೆಗೆ ಹೋಗಿ ಕಲ್ಲಿನ ಬಸವನ ಬಾಯಿಂದ ಬೀಳುವ ನೀರನ್ನು ಮುಖಕ್ಕೆ ಚಿಮುಕಿಸಿಕೊಂಡೆವು. ಬೆಟ್ಟ ಇಳಿದು ಒಂದು ಕುಷನ್ ಅಂಗಡಿಗೆ ಹೋದೆವು. ಕಾರು, ಲಾರಿ, ಆಟೋಗಳ ಸೀಟು ಹೊಲಿಯುವ ಅಂಗಡಿ. ಮಾಲೀಕರು ಎಪ್ಪತ್ತು ದಾಟಿದ ಸಾಬರು. ಸೀಟಿಗೆ ಇನ್ನೊಂದು ಪದರ ಫೋಮ್ ಹಾಕಿಸಿದರೆ ಸುಖವಾದೀತು ಎಂಬುದು ನನ್ನ ಲೆಕ್ಕ. ಅವರು ನನ್ನನ್ನು ಕೂರಿಸಿ ಸುತ್ತಲೂ ನೋಡಿ ತಲೆ ಅಲ್ಲಾಡಿಸಿದರು.

'ಮೆತ್ತಗೆ ಬೇರೆ, ಸರಿ ಬೇರೆ ಸಾರ್. ಇನ್ನೆರಡು ಇಂಚು ಏರಿಸಿದ್ರೆ ತಲೆ ಮೇಲ್ಗಡೆ ತಾಗ್ತದೆ, ತೊಡೆ ಸ್ಟೇರಿಂಗಿಗೆ ಸಿಕ್ಕೊತದೆ. ಮೊದ್ಲು ಇರೋ ಸೀಟು ತಿರುಗ್ಸಿ ನೋಡಿ.'

ಅವರು ಕೆಲಸ ಕಲಿತದ್ದು ಅಂಬಾಸಡರ್ ಸೀಟಿನ ಮೇಲಂತೆ. 2014ರವರೆಗೆ ತಯಾರಾದ ಆ ಕಾರಿನ ಹಳೆಯ ಮಾದರಿಗಳಲ್ಲಿ ಮುಂದುಗಡೆ ಬೆಂಚಿನಂಥ ಒಂದೇ ಉದ್ದ ಸೀಟು. ಗೇರಿನ ಹಿಡಿ ಸ್ಟೇರಿಂಗಿನ ಪಕ್ಕದಲ್ಲೇ ಇದ್ದುದರಿಂದ ಮುಂದೆ ಮೂವರು ಕೂರಬಹುದಿತ್ತು. ದಪ್ಪಗಿದ್ದವರಿಗೆ ಅದು ಸಿಂಹಾಸನ. 'ಅಗಲ ಇತ್ತು ಸಾರ್, ಆದ್ರೆ ಹಿಡಿತ ಇರ್ಲಿಲ್ಲ. ಬ್ರೇಕ್ ಹಾಕಿದ್ರೆ ಎಲ್ಲರೂ ಜಾರ್ತಿದ್ರು' ಎಂದು ಸಾಬರು ನಕ್ಕರು. ಸೀಟಿನ ಪಕ್ಕದಲ್ಲೇ ಏರ್‌ಬ್ಯಾಗ್ ಇರುವ ಹೊಸ ಕಾರುಗಳಿಗೆ ಸಿಕ್ಕ ಸಿಕ್ಕ ಕವರು ಹೊಲಿಸಬಾರದು, ಚೀಲ ಉಬ್ಬುವಾಗ ಅಡ್ಡ ಬರುತ್ತದೆ ಎಂದೂ ಎಚ್ಚರಿಸಿದರು.

ಅರ್ಧ ಗಂಟೆ ಸೀಟು ತಿರುಗಿಸಿದ್ದೇ ಕೆಲಸ. ಓದುಗರೂ ತಮ್ಮ ಕಾರಿನಲ್ಲಿ ಇದನ್ನು ಮಾಡಿ ನೋಡಬಹುದು. ಮೊದಲು ಸೊಂಟ ಸೀಟಿನ ಹಿಂಬದಿಗೆ ಪೂರ್ತಿ ಅಂಟುವಂತೆ ಕೂರಬೇಕು. ಕ್ಲಚ್ಚನ್ನು ತಳದವರೆಗೆ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿರುವಷ್ಟು ಸೀಟನ್ನು ಸರಿಸಬೇಕು. ಒರಗನ್ನು ತುಸುವೇ ಹಿಂದಕ್ಕೆ ವಾಲಿಸಿ, ಭುಜ ಒರಗಿಗೆ ತಾಗಿದ್ದಂತೆಯೇ ತೋಳು ಚಾಚಿದರೆ ಮಣಿಕಟ್ಟು ಸ್ಟೇರಿಂಗಿನ ಮೇಲಂಚಿನ ಮೇಲೆ ಕೂರಬೇಕು. ತಲೆಗೂ ಮೇಲ್ಛಾವಣಿಗೂ ನಡುವೆ ನಾಲ್ಕು ಬೆರಳಾದರೂ ಜಾಗ ಇರಲಿ. ತಲೆಯ ಹಿಂದಿನ ದಿಂಬಿನ ಮೇಲಂಚು ನೆತ್ತಿಯ ಮಟ್ಟಕ್ಕೆ ಬರಲಿ.

ದಪ್ಪಗಿರುವವರಿಗೆ ತೊಡಕು ಬರುವುದು ಇನ್ನೊಂದು ಅಳತೆಯಲ್ಲಿ. ಎದೆಯ ಮೂಳೆಗೂ ಸ್ಟೇರಿಂಗಿನ ನಡುಭಾಗಕ್ಕೂ ಕನಿಷ್ಠ 25 ಸೆಂ.ಮೀ. ಅಂತರ ಬೇಕು. ಏರ್‌ಬ್ಯಾಗ್ ಕಣ್ಣು ಮಿಟುಕಿಸುವಷ್ಟರಲ್ಲಿ ಸಿಡಿದು ಉಬ್ಬುವುದರಿಂದ ತೀರಾ ಹತ್ತಿರವಿದ್ದರೆ ಅದೇ ಪೆಟ್ಟು ಕೊಡುತ್ತದೆ. ಸೀಟನ್ನು ಹಿಂದೆ ಸರಿಸಿದರೆ ಕಾಲು ಎಟುಕದು, ಮುಂದೆ ಎಳೆದರೆ ಹೊಟ್ಟೆ ತಾಗುತ್ತದೆ. ಉಪಾಯವೆಂದರೆ ಕಾಲಿಗೆ ಎಟುಕುವಷ್ಟಕ್ಕೆ ಸೀಟು ನಿಲ್ಲಿಸಿ, ಒರಗನ್ನು ಇನ್ನೊಂದಿಷ್ಟು ವಾಲಿಸಿ, ಸ್ಟೇರಿಂಗನ್ನು ಮೇಲಕ್ಕೆ ಎತ್ತುವುದು. ನಮ್ಮ ಕಾರಿನ ಸ್ಟೇರಿಂಗಿನ ಕೆಳಗೆ ಅದಕ್ಕೊಂದು ಹಿಡಿ ಇದೆ ಎಂಬುದೇ ಆರು ವರ್ಷ ನನಗೆ ತಿಳಿದಿರಲಿಲ್ಲ!

ಸಾಬರು ಕೂಲಿ ತೆಗೆದುಕೊಳ್ಳಲಿಲ್ಲ. ಟೀ ಕುಡಿಸಿ ಕಳಿಸಿದರು.

ಕೋಲಾರದಿಂದ ಶ್ರೀನಿವಾಸಪುರ ಉತ್ತರಕ್ಕೆ ಸುಮಾರು 25 ಕಿ.ಮೀ. ಊರು ಹತ್ತಿರವಾದಂತೆ ರಸ್ತೆಯ ಎರಡೂ ಕಡೆ ಮಾವಿನ ತೋಪು. ಬಾದಾಮಿ, ರಸಪುರಿ, ಮಲ್ಲಿಕಾ, ನೀಲಂ, ತೋತಾಪುರಿ, ಎಲ್ಲವೂ ಇಲ್ಲಿ ಬೆಳೆಯುತ್ತವೆ. ಮಂಡಿಗಳ ಮುಂದೆ ಟ್ರಾಕ್ಟರುಗಳ ಸಾಲು, ಗಾಳಿಯಲ್ಲಿ ಕಾಯಿಯ ಸೊನೆಯ ವಾಸನೆ. ನೆಂಟರ ತೋಪಿನಲ್ಲಿ ಆಳುಗಳು ಉದ್ದನೆಯ ದೋಟಿಯ ತುದಿಗೆ ಬಲೆಯ ಚೀಲ ಕಟ್ಟಿ ಕಾಯಿ ಬಿಡಿಸುತ್ತಿದ್ದರು. ಒಂದೂ ನೆಲಕ್ಕೆ ಬೀಳುವಂತಿಲ್ಲ. ಬಿದ್ದ ಕಾಯಿ ಹೊರಗೆ ಚೆನ್ನಾಗಿಯೇ ಕಾಣುತ್ತದೆ, ಒಳಗೆ ಕೊಳೆಯುತ್ತದೆ.

ಮೇಷ್ಟ್ರ ಚಟ ಬಿಡಲಿಲ್ಲ. ಕಡ್ಡಿ ತೆಗೆದುಕೊಂಡು ಮಣ್ಣಿನ ಮೇಲೆ ಲೆಕ್ಕ ಬರೆದೆ. ಐದು ಮೀಟರ್ ಎತ್ತರದ ಕೊಂಬೆಯಿಂದ ಉದುರಿದ ಕಾಯಿ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 36 ಕಿ.ಮೀ. ಹಾಗಾದರೆ ಗಂಟೆಗೆ 60 ಕಿ.ಮೀ. ವೇಗಕ್ಕೆ? ಮಗಳೇ ಲೆಕ್ಕ ಹಾಕಿದಳು: ಸುಮಾರು 14 ಮೀಟರ್ ಎತ್ತರದಿಂದ ಬಿದ್ದ ಹಾಗೆ. ನಾಲ್ಕು ಮಹಡಿಯ ಮೇಲಿನಿಂದ!

'ಬೆಲ್ಟು ಅಂದ್ರೆ ಆ ಬಲೆ' ಎಂದಳು, ದೋಟಿಯ ಕಡೆ ಕೈ ತೋರಿಸಿ.

ನಿಜ. ಆದರೆ ಬಲೆ ಎಲ್ಲಿ ಹಿಡಿಯುತ್ತದೆ ಎಂಬುದು ಮುಖ್ಯ. ಸ್ವೀಡನ್ನಿನ ನಿಲ್ಸ್ ಬೋಲಿನ್ 1959ರಲ್ಲಿ ರೂಪಿಸಿದ ಮೂರು ಬಿಂದುಗಳ ಬೆಲ್ಟೇ ಇಂದಿಗೂ ನಮ್ಮ ಕಾರುಗಳಲ್ಲಿರುವುದು. ಅಪಘಾತದ ಹೊಡೆತವನ್ನು ಅದು ಮೈಯ ಗಟ್ಟಿ ಮೂಳೆಗಳಿಗೆ ಹಂಚುತ್ತದೆ. ಅಡ್ಡಪಟ್ಟಿ ಹೊಟ್ಟೆಯ ಮೇಲೆ ಕೂತರೆ ಮೂಳೆಯ ಬದಲು ಕರುಳು, ಪಿತ್ತಕೋಶ, ಗುಲ್ಮಗಳಿಗೆ ಪೆಟ್ಟು. ದಪ್ಪಗಿರುವವರಲ್ಲಿ ಪಟ್ಟಿಗೂ ಮೂಳೆಗೂ ನಡುವೆ ಮೆತ್ತನೆಯ ಮೈ ಇರುವುದರಿಂದ, ಪಟ್ಟಿ ಬಿಗಿ ಹಿಡಿಯುವ ಮುನ್ನವೇ ದೇಹ ಮುಂದಕ್ಕೆ ಹೋಗಿರುತ್ತದೆ. ಆದ್ದರಿಂದ ಅಡ್ಡಪಟ್ಟಿಯನ್ನು ಹೊಟ್ಟೆಯ ಕೆಳಗೆ ಹಾಯಿಸಿ ಸೊಂಟದ ಮೂಳೆಯ ಮೇಲೆ ಕೂರಿಸಬೇಕು. ಆಮೇಲೆ ಎದೆಯ ಪಟ್ಟಿಯನ್ನು ಮೇಲಕ್ಕೆ ಎಳೆದು ಸಡಿಲ ತೆಗೆಯಬೇಕು. ಎದೆಯ ಪಟ್ಟಿ ಭುಜದ ನಡುವೆ ಹಾಯಬೇಕು, ಕಂಕುಳ ಕೆಳಗಲ್ಲ. ದಪ್ಪ ಅಂಗಿ, ಸೆರಗು, ದುಪಟ್ಟಾ ಮಡಿಸಿಕೊಂಡಿದ್ದರೆ ಸರಿಪಡಿಸಿಕೊಳ್ಳಬೇಕು. ಪಟ್ಟಿಯ ಉದ್ದವೇ ಸಾಲದಿದ್ದರೆ ಕಾರು ತಯಾರಿಸಿದವರ ಸರ್ವಿಸ್ ಕೇಂದ್ರದಲ್ಲಿ ವಿಚಾರಿಸಬೇಕೇ ಹೊರತು ಸಂತೆಯಲ್ಲಿ ಸಿಕ್ಕ ತುಂಡನ್ನು ಜೋಡಿಸಬಾರದು. ಸದ್ದು ನಿಲ್ಲಿಸಲು ಕೊಂಡಿಗೆ ಸಿಕ್ಕಿಸುವ ಕ್ಲಿಪ್ಪುಗಳೂ ಸಿಗುತ್ತಿದ್ದವು. ಅವುಗಳ ಮಾರಾಟ ನಿಲ್ಲಿಸುವಂತೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲಿ ಐದು ಆನ್‌ಲೈನ್ ವ್ಯಾಪಾರಿಗಳಿಗೆ ಆದೇಶಿಸಿತು. ಬೆಲ್ಟನ್ನು ಬೆನ್ನ ಹಿಂದೆ ಹಾಕುವ ನಮ್ಮ ಉಪಾಯವೂ ಅದೇ ಜಾತಿಯದು.

ಊಟ ಮುಗಿಸಿ, ಡಿಕ್ಕಿಯಲ್ಲಿ ಒಂದು ಕುಕ್ಕೆ ಬಾದಾಮಿ ಇಟ್ಟುಕೊಂಡು ಮುಳಬಾಗಿಲಿನ ಕಡೆ ತಿರುಗಿದೆವು. ಪೇಟೆ ಸೇರುವ ಮುನ್ನ ಕುರುಡುಮಲೆಗೆ ಹೋದೆವು. ಮುಳಬಾಗಿಲಿಗೆ ಸುಮಾರು ಹತ್ತು ಕಿ.ಮೀ. ದೂರ. ಅಲ್ಲಿಯ ಗಣಪ ಸುಮಾರು 13 ಅಡಿ ಎತ್ತರದ ಏಕಶಿಲೆ. ಇಷ್ಟು ದೊಡ್ಡ ಮೂರ್ತಿ ಎಷ್ಟು ನಿರಾಳವಾಗಿ ಕೂತಿದೆ! ಊರಿನ ಸೋಮೇಶ್ವರ ಗುಡಿಯನ್ನು ಅರ್ಧ ಜಕಣಾಚಾರಿ, ಇನ್ನರ್ಧ ಮಗ ಡಂಕಣ ಕೆತ್ತಿದರೆಂದು ಸ್ಥಳೀಯರು ಹೇಳುತ್ತಾರೆ. ಮಕ್ಕಳು ತಂದೆಯ ಕೈ ನೋಡಿ ಕಲಿಯುತ್ತಾರೆ. ಕೈಯ ತಪ್ಪನ್ನೂ ಕಲಿಯುತ್ತಾರೆ ಎಂಬುದು ನನ್ನ ಅನುಭವ.

ಮಗಳು ಗಣಪನ ಮುಂದೆ ಬಹಳ ಹೊತ್ತು ನಿಂತಿದ್ದಳು. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ, 'ಇವನನ್ನ ನೋಡಿ ಯಾರೂ ನಗಲ್ಲ ಅಲ್ವಾ ಅಪ್ಪಾ' ಎಂದಳು. ಶಿವಾರಪಟ್ಟಣದ ತಾತನ ಮಾತು ಇಬ್ಬರಿಗೂ ನೆನಪಾಯಿತು. ಡಾಕ್ಟರು ಹೇಳಿದಂತೆ ತೂಕ ಇಳಿಸುವುದು ಒಳ್ಳೆಯದೇ. ಅದಕ್ಕೆ ತಿಂಗಳುಗಳು ಬೇಕು. ಸೀಟು ಸರಿಪಡಿಸಲು ಐದು ನಿಮಿಷ ಸಾಕು. ಮೊದಲನೆಯದು ಆಗುವವರೆಗೆ ಎರಡನೆಯದನ್ನು ಮುಂದೂಡಬೇಕಿಲ್ಲ.

ಮುಳಬಾಗಿಲು ಎಂದರೆ 'ಮೂಡಲ ಬಾಗಿಲು', ಪೂರ್ವದ ಹೆಬ್ಬಾಗಿಲು. 1887ರಲ್ಲಿ ಡಿ.ವಿ.ಜಿ. ಹುಟ್ಟಿದ ಊರು. ಸಂಜೆ ಇಲ್ಲಿಯ ದೋಸೆ ತಿನ್ನದೆ ಹೊರಟರೆ ಪ್ರವಾಸ ಪೂರ್ತಿಯಾಗದು: ಅಂಚು ಗರಿಗರಿ, ನಡುವೆ ದಪ್ಪ, ಮೆತ್ತಗೆ. ಪಕ್ಕದ ಮೇಜಿನಲ್ಲಿ ಹೊಸ ಕಾರು ಕೊಳ್ಳುವ ಚರ್ಚೆ ನಡೆದಿತ್ತು. 'ಲೀಟರಿಗೆ ಎಷ್ಟು ಕೊಡ್ತದೆ?' ಎಂಬುದೊಂದೇ ಪ್ರಶ್ನೆ. ನನಗೆ ಹೇಳಬೇಕೆನ್ನಿಸಿದ್ದು ಇಷ್ಟು: ಮನೆಯಲ್ಲಿ ಅತಿ ದಪ್ಪಗಿರುವವರನ್ನೂ ಅತಿ ಗಿಡ್ಡಗಿರುವವರನ್ನೂ ಕರೆದುಕೊಂಡು ಹೋಗಿ. ಒಂದೊಂದು ಕಾರಿನಲ್ಲೂ ಹದಿನೈದು ನಿಮಿಷ ಕೂರಿಸಿ. ಸೀಟಿನ ಎರಡೂ ಅಂಚು ತೊಡೆಯನ್ನು ಒತ್ತುತ್ತದೆಯೇ, ಬೆಲ್ಟು ಎಟುಕುತ್ತದೆಯೇ, ಸ್ಟೇರಿಂಗು ಏರುತ್ತದೆಯೇ ನೋಡಿ. ಒಂದೇ ಬೆಲೆಯ ಎರಡು ಕಾರುಗಳಲ್ಲಿ ಕೂತಾಗಲೇ ವ್ಯತ್ಯಾಸ ತಿಳಿಯುವುದು.

ಹೊರಗೆ ಬಂದಾಗ ಕತ್ತಲಾಗಿತ್ತು. ಮುಂದೆ ರಾಷ್ಟ್ರೀಯ ಹೆದ್ದಾರಿ 75, ಕೋಲಾರಕ್ಕೆ 30 ಕಿ.ಮೀ. ದೀಪ ಹಾಕಿಕೊಂಡು ಬಾಣದಂತೆ ಹೋಗುವ ಲಾರಿಗಳು. ಮಗಳು ಸೊಂಟ ಹಿಂದಕ್ಕೆ ಸರಿಸಿ ಕೂತಳು. ಬೆಲ್ಟನ್ನು ಹೊಟ್ಟೆಯ ಕೆಳಗೆ ಹಾಯಿಸಿ ಕೊಂಡಿ ಹಾಕಿ, ಮೇಲಕ್ಕೆ ಎಳೆದಳು. ಕಾರನ್ನು ಮಾತ್ರ ಹೊರಡಿಸಲಿಲ್ಲ. ನನ್ನ ಕಡೆ ನೋಡುತ್ತ ಕೂತಳು.

ಬೆನ್ನ ಹಿಂದೆ ಸಿಕ್ಕಿಸಿದ್ದ ನನ್ನ ಬೆಲ್ಟನ್ನು ತೆಗೆದು ಸರಿಯಾಗಿ ಹಾಕಿಕೊಂಡೆ. ಆಮೇಲೆ ಅವಳು ಗೇರು ಹಾಕಿದಳು.