ಕತ್ತಲು ಸಿಗದವನು

ಆ ಸಿನಿಮಾವನ್ನು ನಾಲ್ಕು ಸಲ ನೋಡಿದ್ದೇನೆ. ಕ್ರಿಸ್ಟೋಫರ್ ನೋಲನ್ ಅವರ ‘ಇನ್ಸೋಮ್ನಿಯಾ’, 2002ರದ್ದು. ಕೊಲೆಗಾರ ಯಾರೆಂಬುದು ಅರ್ಧ ದಾರಿಯಲ್ಲೇ ತಿಳಿದುಹೋಗುತ್ತದೆ. ಆದರೂ ನನ್ನನ್ನು ಮತ್ತೆ ಮತ್ತೆ ಎಳೆದು ಕೂರಿಸುವುದು ಅದರಲ್ಲಿನ ಒಂದು ಹೋಟೆಲ್ ಕೋಣೆ.

ಹದಿನೇಳರ ಹುಡುಗಿಯೊಬ್ಬಳ ಕೊಲೆಯ ತನಿಖೆಗೆ ಪೊಲೀಸ್ ಅಧಿಕಾರಿ ವಿಲ್ ಡಾರ್ಮರ್ ಲಾಸ್ ಏಂಜಲೀಸ್‌ನಿಂದ ಅಲಾಸ್ಕಾಕ್ಕೆ ಬರುತ್ತಾನೆ. ಅಲ್ಲಿ ಬೇಸಿಗೆ; ನಡುರಾತ್ರಿಯಲ್ಲೂ ಹಗಲು. ಅವನ ಹೆಸರಿನಲ್ಲೇ ನಿದ್ದೆಯೆಂಬ ಲ್ಯಾಟಿನ್ ಪದದ ಸುಳಿವಿದೆ, ಆದರೆ ನಿದ್ದೆಯೊಂದೇ ಅವನಿಗಿಲ್ಲ. ಡಾರ್ಮರ್ ಪಾತ್ರದ ಅಲ್ ಪಚೀನೋ ಅವರ ಮುಖ ದಿನದಿಂದ ದಿನಕ್ಕೆ ಬಾಡುವುದನ್ನು ನೋಡುತ್ತಿದ್ದರೆ ನಮ್ಮ ಕಣ್ಣೂ ಉರಿಯುತ್ತದೆ.

ದಟ್ಟ ಮಂಜಿನಲ್ಲಿ ಕೊಲೆಗಾರನನ್ನು ಅಟ್ಟಿಕೊಂಡು ಹೋದ ಡಾರ್ಮರ್ ಗುಂಡು ಹಾರಿಸುತ್ತಾನೆ. ಬಿದ್ದವನು ಜೊತೆಗಾರ ಹ್ಯಾಪ್. ಡಾರ್ಮರ್‌ನ ಹಳೆಯ ಪ್ರಕರಣಗಳ ಮೇಲೆ ಇಲಾಖೆಯ ವಿಚಾರಣೆ ನಡೆದಿತ್ತು. ಹ್ಯಾಪ್ ಅದರಲ್ಲಿ ಬಾಯಿಬಿಡಲು ಒಪ್ಪಿದ್ದ. ಡಾರ್ಮರ್ ಬೇಕೆಂದೇ ಹೊಡೆದ ಎಂದುಕೊಂಡೇ ಹ್ಯಾಪ್ ಸಾಯುತ್ತಾನೆ. ಬೇಕೆಂದೇ ಹೊಡೆದನೇ? ಡಾರ್ಮರ್‌ಗೇ ತಿಳಿಯದು. ಹೊಡೆದವನು ಕೊಲೆಗಾರ ಎಂದು ಸುಳ್ಳು ಹೇಳಿಬಿಡುತ್ತಾನೆ. ಆದರೆ ಕೊಲೆಗಾರ, ಕಾದಂಬರಿಕಾರ ಫಿಂಚ್, ಎಲ್ಲವನ್ನೂ ಕಂಡಿದ್ದಾನೆ. ನಿದ್ದೆಯಿಲ್ಲದ ಹೊತ್ತಿನಲ್ಲಿ ಫೋನ್ ಮಾಡುತ್ತಾನೆ. ನಗಿಸಿಯೇ ಹೆಸರಾದ ರಾಬಿನ್ ವಿಲಿಯಮ್ಸ್ ಇಲ್ಲಿ ಹಳೆಯ ಗೆಳೆಯನಷ್ಟು ಮೆಲ್ಲಗೆ ಮಾತಾಡುತ್ತಾರೆ, ಬೆನ್ನಹುರಿ ತಣ್ಣಗಾಗುತ್ತದೆ.

ಇದು 1997ರ ನಾರ್ವೆ ಚಿತ್ರವೊಂದರ ಮರುರೂಪ. ಆ ಕಥೆ ನಡೆಯುವುದು ಟ್ರೋಮ್ಸೊದಲ್ಲಿ, ಬೇಸಿಗೆಯಲ್ಲಿ ಸುಮಾರು ಎರಡು ತಿಂಗಳು ಸೂರ್ಯ ಮುಳುಗದ ಊರಿನಲ್ಲಿ. ಸಾಕ್ಷ್ಯದ ಗುಂಡನ್ನು ಬದಲಿಸಲು ಇನ್ನೊಂದು ಗುಂಡು ಬೇಕಾಗಿ ಅಲ್ಲಿನ ಅಧಿಕಾರಿ ಬದುಕಿದ್ದ ನಾಯಿಯನ್ನೇ ಕೊಲ್ಲುತ್ತಾನೆ; ಡಾರ್ಮರ್ ಗುಂಡು ಹಾರಿಸುವುದು ಸತ್ತ ನಾಯಿಗೆ. ನೋಲನ್ ತಮ್ಮ ನಾಯಕನನ್ನು ಅಷ್ಟರಮಟ್ಟಿಗೆ ಉಳಿಸಿಕೊಂಡರು. ನನಗೆ ಆ ಕರುಣೆ ಇಷ್ಟ.

ಇನ್ನು ಆ ಕೋಣೆ. ಪರದೆ ಎಳೆದರೂ ಬೆಳಕು ಸೋರುತ್ತದೆ. ಡಾರ್ಮರ್ ಅಂಟುಪಟ್ಟಿ ಹಚ್ಚುತ್ತಾನೆ, ಕೊನೆಗೆ ಸಾಮಾನುಗಳನ್ನೆಲ್ಲ ಕಿಟಕಿಗೆ ಒತ್ತರಿಸುತ್ತಾನೆ. ಸದ್ದು ಕೇಳಿ ಹೋಟೆಲಿನ ಹೆಂಗಸು ಬರುತ್ತಾಳೆ. ತುಂಬಾ ಬೆಳಕು ಎನ್ನುತ್ತಾನೆ ಇವನು. ಇಲ್ಲ, ಕತ್ತಲೆಯೇ ಇದೆ ಎಂದು ಅವಳು ದೀಪ ಹಾಕುತ್ತಾಳೆ.

ಅಲ್ಲಿಗೆ ಬಂದಾಗಲೆಲ್ಲ ನನಗೆ ನಮ್ಮ ಹೆಂಚಿನ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ. ಆಗ ನನಗೆ ಹತ್ತು ವರ್ಷ. ಸಕ್ಕರೆ ತರಲು ಅವ್ವ ಕೊಟ್ಟ ಐದು ರೂಪಾಯಿ ಕಳೆದಿದ್ದೆ. ದುಡ್ಡು ತಮ್ಮನ ಕೈಯಲ್ಲಿತ್ತು ಎಂದಿದ್ದೆ. ಏಟು ಅವನಿಗೆ ಬಿತ್ತು. ಊಟವಾಗಿ ಎಲ್ಲರೂ ಮಲಗಿದರು. ಅವನೂ ಬಿಕ್ಕುತ್ತ ಬಿಕ್ಕುತ್ತ, ನನ್ನ ಪಕ್ಕದಲ್ಲೇ, ನನ್ನ ಮೇಲೆ ಕಾಲು ಹಾಕಿಕೊಂಡು ನಿದ್ದೆಹೋದ. ಸೂರಿನ ಗಾಜಿನ ಹೆಂಚಿನಿಂದ ರೊಟ್ಟಿಯಗಲದ ಬಿಸಿಲೊಂದು ನೆಲಕ್ಕೆ ಬಿದ್ದು, ಮೆಲ್ಲಗೆ ಚಾಪೆಯ ಕಡೆ ಸರಿಯುತ್ತಿತ್ತು. ಹತ್ತಿರ ಬಂದಾಗ ಕೈ ಚಾಚಿ ಅದನ್ನು ಮುಚ್ಚಿದೆ. ಅದು ನನ್ನ ಕೈಯ ಮೇಲೆ ಹತ್ತಿ ಕೂತಿತು.