ಕಿವಿಯಲ್ಲಿ ‘ನಾರ್ಬರಿ’ ಎನ್ನುವವರು

ಶೆರ್ಲಾಕ್ ಹೋಮ್ಸ್‌ನ ಬಗ್ಗೆ ಆರ್ಥರ್ ಕಾನನ್ ಡಾಯ್ಲ್ ಬರೆದದ್ದು 56 ಸಣ್ಣಕತೆ, 4 ಕಾದಂಬರಿ. ಅವನ ನೆರಳಲ್ಲಿ ಬೇರೆಯವರು ಬರೆದದ್ದಕ್ಕೆ, ಇವತ್ತಿಗೂ ಬರೆಯುತ್ತಿರುವುದಕ್ಕೆ ಲೆಕ್ಕವಿಲ್ಲ. ಸಂಶೋಧನೆಯ ನೆಪದಲ್ಲಿ ಅಂಥ ಕತೆಗಳನ್ನು ರಾಶಿ ಓದಿದ್ದೇನೆ. ಮುಕ್ಕಾಲುಪಾಲು ಪೈಪು, ಮಂಜು, ಕುದುರೆಗಾಡಿಯಲ್ಲೇ ಮುಗಿದುಹೋಗುತ್ತವೆ. (ಅವನ್ನೂ ಖುಷಿಯಿಂದಲೇ ಓದಿದೆ, ಅದು ಬೇರೆ ಮಾತು.) ನನ್ನನ್ನು ಕಾಡುವುದು ಹೋಮ್ಸ್‌ನ ನೋಟ. ಎದುರಿಗೆ ಬಂದವನ ಅಂಗೈ, ತೋಳು, ಬೂಟು ನೋಡಿ ಅವನು ಯಾರೆಂದು ಹೇಳಿಬಿಡುವ ನೋಟ. ಎಡಿನ್‌ಬರೋದಲ್ಲಿ ಡಾಯ್ಲ್‌ಗೆ ಪಾಠ ಹೇಳಿದ ಡಾ. ಜೋಸೆಫ್ ಬೆಲ್ ಇದರಲ್ಲಿ ನಿಪುಣರು. ರೋಗಿ ಬಾಯಿ ತೆರೆಯುವ ಮೊದಲೇ ಅವನ ಕಸುಬು ಹೇಳುತ್ತಿದ್ದರಂತೆ.

ನಾನಿರುವ ಹೆಬ್ಬಗೋಡಿಯಲ್ಲಿ ಈ ವಿದ್ಯೆ ಎಲ್ಲರಿಗೂ ಅಷ್ಟಿಷ್ಟು ಬರುತ್ತದೆ. ಬೊಮ್ಮಸಂದ್ರದಲ್ಲಿ ಶಿಫ್ಟ್ ಬಿಟ್ಟ ಹೊತ್ತಿಗೆ ಹೊಸೂರು ರಸ್ತೆಯ ಪಕ್ಕ ನಿಂತರೆ ಸಾಕು. ಉಗುರಿನ ಸಂದಿಯಲ್ಲಿ ಗ್ರೀಸ್ ಇದ್ದವನು ಮೆಷಿನ್ ಶಾಪಿನವನು, ಚೂಡಿದಾರಕ್ಕೆ ದಾರದ ಚೂರು ಅಂಟಿಕೊಂಡವಳು ಗಾರ್ಮೆಂಟ್ಸಿನವಳು. ಇಲ್ಲಿಯವರೆಗೆ ಇದು ಆಟ.

ಕಳೆದ ವರ್ಷ ನಮ್ಮ ಕಟ್ಟಡದಲ್ಲಿ ಒಂದು ಲ್ಯಾಪ್‌ಟಾಪ್ ಕಾಣೆಯಾಯಿತು. ಓನರ್ ಅಂಕಲ್ ನೇರ ಹೋದದ್ದು ಮೂರನೇ ಮಹಡಿಗೆ, ಒಡಿಶಾದ ನಾಲ್ವರು ಹುಡುಗರ ರೂಮಿಗೆ. “ಮುಖ ನೋಡಿದ್ರೇ ಗೊತ್ತಾಗಲ್ವೇನಪ್ಪಾ?” ಎಂದು ನನ್ನನ್ನು ಕೇಳಿದರು. “ಏನು ಗೊತ್ತಾಗುತ್ತೆ ಅಂಕಲ್?” ಅಂದೆ. ಉತ್ತರ ಬರಲಿಲ್ಲ. ಬ್ಯಾಗು, ಹಾಸಿಗೆ ಎಲ್ಲ ಕೆದಕಿದರು, ಏನೂ ಸಿಗಲಿಲ್ಲ. ತಿಂಗಳ ಕೊನೆಗೆ ಹುಡುಗರು ರೂಮು ಖಾಲಿ ಮಾಡಿದರು. ಅಡ್ವಾನ್ಸ್‌ನಲ್ಲಿ ಪೇಂಟಿಂಗ್ ಚಾರ್ಜು ಮುರಿದುಕೊಂಡದ್ದೂ ಆಯಿತು. ಲ್ಯಾಪ್‌ಟಾಪ್ ಇನ್ನೂ ಸಿಕ್ಕಿಲ್ಲ.

ಆಮೇಲೆ ‘ದಿ ಸೈನ್ ಆಫ್ ಫೋರ್’ (1890) ಮತ್ತೆ ಓದಿದೆ. ಅದರಲ್ಲಿ ಟೋಂಗಾ ಎಂಬ ಅಂಡಮಾನಿನ ಮನುಷ್ಯ ಬರುತ್ತಾನೆ. ಕೊಲೆ ಮಾಡಿದವನು ಅವನೇ, ನಿಜ. ಆದರೆ ಅವನ ಜನ ಎಂಥವರೆಂದು ತಿಳಿಯಲು ಹೋಮ್ಸ್ ಕಣ್ಣು ಬಳಸುವುದಿಲ್ಲ, ಕಪಾಟಿನಿಂದ ಗೆಜೆಟಿಯರ್ ತೆಗೆದು ಓದುತ್ತಾನೆ. ವಿಕಾರ ತಲೆ, ಕ್ರೂರ ಕಣ್ಣು, ನರಭಕ್ಷಕರು! ಸಿಗಾರಿನ ಬೂದಿಯನ್ನೂ ಪರೀಕ್ಷಿಸಿ ನೋಡುವವನು ಇದನ್ನು ಹಾಗೇ ನಂಬುತ್ತಾನೆ. ಗುಂಡು ತಿಂದ ಟೋಂಗಾ ಥೇಮ್ಸ್ ನದಿಯಲ್ಲಿ ಮುಳುಗುತ್ತಾನೆ. ತನ್ನ ಕತೆಯನ್ನು ಅವನು ಹೇಳುವುದೇ ಇಲ್ಲ.

ಡಾಯ್ಲ್‌ನದೇ ‘ದಿ ಯೆಲ್ಲೋ ಫೇಸ್’ (1893) ಇದಕ್ಕೆ ಉಲ್ಟಾ. ನಾರ್ಬರಿ ಎಂಬಲ್ಲಿನ ಮನೆಯೊಂದರ ಕಿಟಕಿಯಲ್ಲಿ ವಿಚಿತ್ರ ಮುಖವೊಂದು ಕಾಣುತ್ತದೆ. ಒಬ್ಬ ಹೆಂಗಸಿನ ಮೊದಲ ಗಂಡ ಬದುಕಿದ್ದು ಅವಳನ್ನು ಹೆದರಿಸುತ್ತಿದ್ದಾನೆಂದು ಹೋಮ್ಸ್ ಊಹಿಸುತ್ತಾನೆ. ಮುಖವಾಡ ಕಳಚಿದರೆ ಅಲ್ಲಿರುವುದು ಅವಳ ಪುಟ್ಟ ಮಗಳು. ತೀರಿಹೋದ ಕಪ್ಪು ಜನಾಂಗದ ಗಂಡನಿಂದ ಹುಟ್ಟಿದವಳು. ಮಗುವನ್ನು ಎತ್ತಿಕೊಳ್ಳುವವನು ಈಗಿನ ಗಂಡ. ನನಗೆ ಜಂಬ ಬಂದಾಗಲೆಲ್ಲ ಕಿವಿಯಲ್ಲಿ ‘ನಾರ್ಬರಿ’ ಎನ್ನು ಎಂದು ಹೋಮ್ಸ್ ವಾಟ್ಸನ್‌ಗೆ ಹೇಳುತ್ತಾನೆ.

ಹೊಸ ಕತೆಗಳಲ್ಲಿ ನನಗೆ ಮೆಚ್ಚುಗೆಯಾಗುವವು ಈ ನಾರ್ಬರಿಯ ವಂಶದವು. ನೀಲ್ ಗೈಮನ್‌ನ ‘ಎ ಸ್ಟಡಿ ಇನ್ ಎಮರಾಲ್ಡ್’ (2003) ಓದುವಾಗ ಪತ್ತೇದಾರ ಯಾರು, ಕತೆ ಹೇಳುವವನು ಯಾರು ಎಂದು ಗುರುತು ನೋಡಿ ನಾವೇ ತೀರ್ಮಾನಿಸಿಬಿಡುತ್ತೇವೆ. ಕೊನೆಗೆ ನಮ್ಮ ತೀರ್ಮಾನವೇ ತಲೆಕೆಳಗಾಗುತ್ತದೆ. ಸಣ್ಣಕತೆಯಲ್ಲದಿದ್ದರೂ ಟಿಬೆಟಿನ ಜಾಮ್ಯಾಂಗ್ ನೋರ್ಬು ಅವರ ‘ದಿ ಮಂಡಲ ಆಫ್ ಶೆರ್ಲಾಕ್ ಹೋಮ್ಸ್’ (1999) ಕಾದಂಬರಿಯನ್ನು ಬಿಡಲಾಗದು. ಅಲ್ಲಿ ವಾಟ್ಸನ್‌ನ ಜಾಗದಲ್ಲಿ ಕೂತು ಬರೆಯುವವನು ಕಿಪ್ಲಿಂಗ್‌ನ ‘ಕಿಮ್’ನಿಂದ ಎದ್ದುಬಂದ ಬಂಗಾಳಿ ಬಾಬು, ಹರೀ ಚಂದರ್ ಮುಖರ್ಜಿ. ಈ ಸಲ ಸಾಹೇಬನನ್ನು ನೋಡುವ ಸರದಿ ಅವನದು.

ಕನ್ನಡದಲ್ಲಿ ಬೇಕರ್ ಸ್ಟ್ರೀಟಿನ ಹೆಸರೇ ಕೇಳದವರಿಗೂ ಪತ್ತೇದಾರಿಯ ರುಚಿ ಹತ್ತಿಸಿದವರು ಎನ್. ನರಸಿಂಹಯ್ಯ. ಶಾಲೆ ಹೆಚ್ಚು ಕಲಿಯದ ಅವರು 500ಕ್ಕೂ ಹೆಚ್ಚು ಕಾದಂಬರಿ ಬರೆದರು. ಅವರ ‘ಪತ್ತೇದಾರ ಪುರುಷೋತ್ತಮ’ ಮನೆಮಾತಾಗಿದ್ದ. ಆ ಓದಿನ ಹುಚ್ಚನ್ನೇ 2019ರ ‘ಬೆಲ್ ಬಾಟಂ’ ಸಿನಿಮಾ ಪ್ರೀತಿಯಿಂದ ನೆನೆಯಿತು. ವಿಮರ್ಶಕರು ಇದನ್ನೆಲ್ಲ ಜನಪ್ರಿಯ ಸಾಹಿತ್ಯ ಎಂದು ಪಕ್ಕಕ್ಕೆ ಸರಿಸಿದ್ದು ನಮಗಾದ ನಷ್ಟ.

ನಾನು ಕಾಯುತ್ತಿರುವುದು ಇನ್ನೊಂದು ಕತೆಗೆ. ಪತ್ತೇದಾರ ಯಾರಾದರೂ ಆಗಿರಲಿ, ವಾಟ್ಸನ್ ಮಾತ್ರ ಮೂರನೇ ಮಹಡಿಯ ಹುಡುಗ. ನೈಟ್ ಶಿಫ್ಟ್ ಮುಗಿಸಿ ಬಂದು, ಕೆದಕಿದ ಹಾಸಿಗೆಯ ಮೇಲೆ ಕೂತು ಅವನು ಬರೆಯಬೇಕು. ನನ್ನ ಗೈಡ್‌ಗೆ ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: “ಅವನು ಯಾವ ಭಾಷೆಯಲ್ಲಿ ಬರೀತಾನೆ?”