ಕತ್ತಿಯ ಬೆನ್ನಿಗಿದ್ದ ತೊಗಲು

ಬರೀ ಕಲ್ಲಿನ ಮೇಲೆ ಮಸೆದ ಕತ್ತಿಯಿಂದ ಗಡ್ಡ ಕೆರೆದರೆ ಮುಖ ಉರಿಯುತ್ತದೆ. ಸಾಣೆಕಲ್ಲು ಉಕ್ಕನ್ನು ತಿಂದು ಅಲಗನ್ನು ತೆಳುವಾಗಿಸುತ್ತದೆ, ನಿಜ. ಆದರೆ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳು ಉಳಿಸುತ್ತದೆ. ಆ ಮುಳ್ಳು ನೆಟ್ಟಗಾಗಿ ನುಣುಪಾಗಲು ತೊಗಲಿನ ಪಟ್ಟಿಯೇ ಬೇಕು. ವಿಜಯಪುರ ಜಿಲ್ಲೆಯ ಮಮದಾಪುರದಲ್ಲಿ ಮನೆಮನೆಗೆ ಹೋಗಿ ಕ್ಷೌರ ಮಾಡುತ್ತಿದ್ದ ನಮ್ಮಪ್ಪನ ಹಡಪದಲ್ಲಿ, ಅಂದರೆ ಕ್ಷೌರದ ಚೀಲದಲ್ಲಿ, ಜರ್ಮನಿಯ ಸೋಲಿಂಗೆನ್‌ನ ಕತ್ತಿ ಇತ್ತು, ಪೇಟೆಯ ಕತ್ತರಿ ಇತ್ತು, ಪಟಕ, ಹಿತ್ತಾಳೆ ಬಟ್ಟಲು ಇದ್ದವು. ಊರೊಳಗೇ ಹುಟ್ಟಿದ್ದು ಪಟ್ಟಿ ಒಂದೇ.

ನಮ್ಮದು ಕೆರೆಯ ಊರು. ಗೋಳಗುಮ್ಮಟ ಕಟ್ಟಿಸಿದ ಮೊಹಮ್ಮದ್ ಆದಿಲ್‌ಶಾಹನ ಕಾಲದ ಕೆರೆ. ಸುತ್ತ ಎರೆಹೊಲ, ಬಿಳಿಜೋಳ, ಕುಸುಬಿ, ಕಡಲೆ. ಒಕ್ಕಲುತನಕ್ಕೆ ತೊಗಲಿಲ್ಲದೆ ನಡೆಯುತ್ತಿರಲಿಲ್ಲ: ಬಾವಿಯಿಂದ ನೀರೆತ್ತುವ ಚೀಲ, ಮಿಣಿ, ಬಾರುಕೋಲು, ಕಾಲಿಗೆ ಕೆರವು. ಹದ ಮಾಡುವವರು ಹಸಿ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ ಕೂದಲು ತೆಗೆದು, ಅದನ್ನೇ ಚೀಲದಂತೆ ಹೊಲಿದು, ಒಳಗೆ ಜಾಲಿತೊಗಟೆ, ಅಳಲೆಕಾಯಿ ಹಾಕಿದ ನೀರು ತುಂಬಿ ತೂಗುಬಿಡುತ್ತಿದ್ದರು. ಒಗರು ನೀರು ಹನಿಹನಿಯಾಗಿ ತೊಗಲಿನೊಳಗಿಂದ ಜಿನುಗಿ ಕೆಳಗಿನ ಬಾನಿಗೆ ಬೀಳುತ್ತಿತ್ತು. ಅದನ್ನೇ ಎತ್ತಿ ಮತ್ತೆ ಒಳಗೆ ಸುರಿಯುವುದು. ಹೀಗೆ ಹದವಾದ ತೊಗಲು ಜಗ್ಗುವುದಿಲ್ಲ. ಕಾರ್ಖಾನೆಯಲ್ಲಿ ಕ್ರೋಮಿಯಂ ಉಪ್ಪಿನಿಂದ ಹದ ಮಾಡಿದ್ದು ಮೆತ್ತಗೆ, ಜಗ್ಗುತ್ತದೆ. ಪಟ್ಟಿ ಜಗ್ಗಿ ಜೋತರೆ ಕತ್ತಿಯ ಬಾಯಿ ದುಂಡಗಾಗಿ ಕೆಡುತ್ತದೆ.

ಅಪ್ಪ ಸಮಗಾರ ಕಾಕಾನ ಹತ್ತಿರ ಹೋಗಿ ಎತ್ತಿನ ಬೆನ್ನಿನ ತೊಗಲನ್ನೇ ಕೇಳುತ್ತಿದ್ದ. ಹೊಟ್ಟೆಯ ಭಾಗ ಸಡಿಲ, ಎಮ್ಮೆಯದು ಒರಟು. ಮುಳ್ಳು ತರಚಿದ ಗೆರೆ, ಉಣ್ಣೆ ಕಚ್ಚಿದ ಕಲೆ ಇರಕೂಡದು. ಕಾಕಾ ತುಂಡನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಉದ್ದಕ್ಕೂ ಸವರಿ, ಮೂರು ಬೆರಳಗಲ, ಮೊಳದ ಮೇಲೊಂದು ಗೇಣು ಉದ್ದ ಕೊಯ್ದುಕೊಡುತ್ತಿದ್ದ. ಮುಂದಿನ ಕೆಲಸ ನಮ್ಮ ಮನೆಯದು. ತೊಗಲನ್ನು ನೆನೆಸಿ, ಹಲಗೆಗೆ ಬಿಗಿದು, ನೆರಳಲ್ಲೇ ಒಣಗಿಸಬೇಕು. ಬಿಸಿಲಿಗಿಟ್ಟರೆ ಸುಕ್ಕು ಬೀಳುತ್ತದೆ. ಅರೆ ಹಸಿ ಇರುವಾಗಲೇ ಗಾಜಿನ ಬಾಟಲಿಯಿಂದ ಒತ್ತಿ ಒತ್ತಿ ಉಜ್ಜಿದರೆ ಮೇಲ್ಮೈ ಕನ್ನಡಿಯಾಗುತ್ತದೆ. ಕಡೆಗೆ ಅಂಗೈಗೆ ಎರಡು ಹನಿ ಕುಸುಬಿ ಎಣ್ಣೆ, ಅಷ್ಟೇ. ಎಣ್ಣೆ ಹೆಚ್ಚಾದರೆ ತೊಗಲು ಮೆತ್ತಗಾಗುತ್ತದೆ. ಒಂದು ತುದಿಗೆ ಕಬ್ಬಿಣದ ಉಂಗುರ, ಇನ್ನೊಂದಕ್ಕೆ ಕಟ್ಟಿಗೆಯ ಹಿಡಿಕೆ, ಬೆನ್ನಿಗೆ ಮಂಚದ ನವಾರದ ತುಂಡು. ಮೊದಲು ನವಾರದ ಮೇಲೆ, ಆಮೇಲೆ ತೊಗಲಿನ ಮೇಲೆ ಎಳೆಯುವುದು.

ಅಪ್ಪ ಕುಕ್ಕರಗಾಲಲ್ಲಿ ಕೂತು ಉಂಗುರವನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಪಟ್ಟಿಯನ್ನು ಬಿಗಿ ಹಿಡಿಯುತ್ತಿದ್ದ. “ಬೆನ್ನ ಮುಂದ, ಬಾಯಿ ಹಿಂದ. ಹೊಳ್ಳಸೂ ಮುಂದ ಬೆನ್ನಿನ ಮ್ಯಾಲ ಹೊಳ್ಳಸು, ಕೈ ಎತ್ತಬ್ಯಾಡ” ಎಂದು ನನಗೆ ಕಲಿಸಿದ. ಕಲ್ಲಿನ ಮೇಲೆ ಬಾಯಿ ಮುಂದೆ, ತೊಗಲಿನ ಮೇಲೆ ಬೆನ್ನು ಮುಂದೆ; ತಪ್ಪಿದರೆ ಪಟ್ಟಿಯೇ ಕೊಯ್ದುಹೋಗುತ್ತದೆ.

ಇದಕ್ಕೆಲ್ಲ ರೊಕ್ಕವಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಅಪ್ಪನಿಗೂ ಕಾಕಾನಿಗೂ ಆಯದ ಜೋಳ. ಆದರೆ ಇಬ್ಬರೂ ಒಂದೇ ಸಾಲಿನಲ್ಲಿ ನಿಲ್ಲುತ್ತಿರಲಿಲ್ಲ. ಈ ಮಾತನ್ನು ಹೇಳದೆ ಪಟ್ಟಿಯ ಕತೆ ಹೇಳಿದರೆ ಸುಳ್ಳಾಗುತ್ತದೆ. ಕಾಕಾ ಹದ ಮಾಡಿದ ತೊಗಲಿನ ಮೇಲೆ ಹರಿತಗೊಂಡ ಕತ್ತಿ ಇಡೀ ಊರಿನ ಗಲ್ಲದ ಮೇಲೆ ಆಡುತ್ತಿತ್ತು, ಆತನ ಗಲ್ಲ ಒಂದನ್ನು ಬಿಟ್ಟು. ಆತನನ್ನು ಮುಟ್ಟಿದರೆ ಊರವರು ತಮ್ಮ ಮನೆಗಳಿಗೆ ಕರೆಯುವುದನ್ನೇ ಬಿಡುತ್ತಾರೆಂಬ ಅಂಜಿಕೆ ನಮ್ಮ ಭಾಗದ ಹಳ್ಳಿಗಳ ಕ್ಷೌರಿಕರಿಗೆಲ್ಲ ಇತ್ತು. ಅಸ್ಪೃಶ್ಯತೆಗೆ ಶಿಕ್ಷೆ ವಿಧಿಸುವ ಕಾಯ್ದೆ 1955ರಲ್ಲೇ ಬಂದಿದ್ದರೂ ಅದು ನಮ್ಮ ಕಟ್ಟೆಯವರೆಗೆ ನಡೆದು ಬರಲು ಬಹಳ ಕಾಲ ಹಿಡಿಯಿತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಶರಣರ ನಡುವೆ, ತೊಗಲು ಹದ ಮಾಡುವ ಕುಲದ ಡೋಹರ ಕಕ್ಕಯ್ಯನೂ ಕ್ಷೌರಿಕ ಕುಲದ ಹಡಪದ ಅಪ್ಪಣ್ಣನೂ ಜೊತೆಗೆ ಕೂತಿದ್ದರು. ಅಪ್ಪಣ್ಣ ನಮ್ಮ ಜಿಲ್ಲೆಯ ಮಸಬಿನಾಳದವನೆಂದು ಹೆಮ್ಮೆಪಡುವ ನಮಗೆ ಆ ಜೊತೆಗೂಡಿಕೆ ಮರೆತೇ ಹೋಗಿತ್ತು.

1972ರ ಬರಗಾಲದಲ್ಲಿ ದನಗಳು ಸತ್ತು ತೊಗಲಿಗೇನೋ ಕೊರತೆಯಿರಲಿಲ್ಲ, ಅದನ್ನು ಹದ ಮಾಡಲು ನೀರಿರಲಿಲ್ಲ. ಜನ ಗೋವಾ, ಪುಣೆ, ಮುಂಬೈ ದಾರಿ ಹಿಡಿದರು. ಆಮೇಲೆ ಬಾವಿಗೆ ಕರೆಂಟಿನ ಪಂಪು, ಕಾಲಿಗೆ ಹವಾಯಿ ಚಪ್ಪಲಿ ಬಂದವು. ಹದದ ಕುಣಿಗಳು ಬತ್ತಿದವು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಸಿಕ್ಕಾಗ ಅದನ್ನು ತಯಾರಿಸುವ ಜಿಲ್ಲೆಗಳಲ್ಲಿ ನಮ್ಮ ಜಿಲ್ಲೆಯ ಹೆಸರೂ ಇತ್ತು. ನಮ್ಮೂರಲ್ಲಿ ಅಷ್ಟೊತ್ತಿಗೆ ಹದ ಬಲ್ಲ ಕೈ ಉಳಿದಿರಲಿಲ್ಲ.

ಕತ್ತಿಯನ್ನು ಮೂಲೆಗೆ ಹಾಕಿದ್ದು ಬ್ಲೇಡು. ಅಮೆರಿಕದ ಜಿಲೆಟ್ ಅದಕ್ಕೆ ಪೇಟೆಂಟ್ ಪಡೆದದ್ದು 1904ರಲ್ಲಿ. ಆದರೂ ನಮ್ಮ ಹಡಪಗಳಲ್ಲಿ ಕತ್ತಿ ಎಷ್ಟೋ ದಶಕ ಜಗ್ಗಲಿಲ್ಲ. ಜಗ್ಗಿಸಿದ್ದು ರೋಗದ ಭಯ. ನಮ್ಮ ದೇಶದಲ್ಲಿ 1986ರಲ್ಲಿ ಮದ್ರಾಸಿನಲ್ಲಿ ಮೊದಲು ಪತ್ತೆಯಾದ ಎಚ್‌ಐವಿ ತೊಂಬತ್ತರ ದಶಕದಲ್ಲಿ ಕೃಷ್ಣೆಯ ದಂಡೆಯ ಹಳ್ಳಿಗಳ ಮಾತಾಯಿತು. ಗೋಡೆಗೋಡೆಗೆ ‘ಹೊಸ ಬ್ಲೇಡ್ ಬಳಸಿ’ ಎಂಬ ಬರಹ. ಬ್ಲೇಡನ್ನು ನಡುವೆ ಮುರಿದು, ಅರ್ಧವನ್ನು ಹಿಡಿಕೆಗೆ ಸಿಕ್ಕಿಸಿ, ಒಬ್ಬರಿಗೆ ಮುಗಿದೊಡನೆ ಎಸೆಯುವ ರೂಢಿ ಬಂತು. ಅದು ಸರಿಯಾದದ್ದೇ. ಒಂದೇ ಕತ್ತಿ, ಒಂದೇ ಪಟ್ಟಿ ಊರಿಗೆಲ್ಲ ಸಾಕು ಎನ್ನುವ ಕಾಲ ಮರಳಿ ಬರಬಾರದು. ಬಸ್‌ಸ್ಟ್ಯಾಂಡಿನ ಕುರ್ಚಿ, ಕನ್ನಡಿಯ ಅಂಗಡಿಗಳಲ್ಲಿ ರೊಕ್ಕ ಕೊಟ್ಟವರಿಗೆಲ್ಲ ಕ್ಷೌರ ಎಂಬ ನ್ಯಾಯ ನಿಧಾನಕ್ಕೆ ನೆಲೆಯೂರಿದ್ದೂ ಒಳ್ಳೆಯದೇ. ಎಲ್ಲ ಊರುಗಳಲ್ಲಿ ಅದು ಇನ್ನೂ ಪೂರ್ತಿಯಾಗಿಲ್ಲ ಎಂಬುದೂ ನಿಜ.

ಹಳೆಯ ಪಟ್ಟಿ, ಕತ್ತಿ ನಿಮ್ಮ ಮನೆಯ ಅಟ್ಟದಲ್ಲಿದ್ದರೆ ಎಸೆಯಬೇಡಿ. ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯಕ್ಕೋ ರಾಮನಗರದ ಜಾನಪದ ಲೋಕಕ್ಕೋ ಕೊಡಿ. ಕೊಡುವಾಗ ಅದನ್ನು ಬಳಸಿದವರ ಹೆಸರಿನ ಜೊತೆಗೆ, ತೊಗಲು ಹದ ಮಾಡಿ ಕೊಟ್ಟವರ ಹೆಸರನ್ನೂ ಹಿರಿಯರಿಂದ ಕೇಳಿ ಬರೆಸಿ.